ಅಲ್ಲಾಡಿದವಳು

ಬಿಳಿ ಹುಡಿ, ಮತ್ತೆ ಅದೇ ಬಿಳಿ ಹುಡಿ, ಹುಡುಗಿಯರು ಕಾಲು ಬಡಿದಾಗಲೆಲ್ಲ ಶೂಗಳಿಂದ ಏಳುತ್ತದೆ, ಮೂಡುಬಿದಿರೆಯ ಈ ಮೈದಾನದ ಕೆಂಪು ಮಣ್ಣಿನ ಮೇಲೆ ಒಂದು ಕ್ಷಣ ನಿಂತು ಇಳಿಯುತ್ತದೆ, ಎಡ, ಬಲ, ಎಡ, ಸೀಟಿ, ನನ್ನ ತುಂಗಾ ಎರಡನೇ ಸಾಲಿನಲ್ಲಿದ್ದಾಳೆ, ಗಲ್ಲ ಎತ್ತಿಕೊಂಡಿದ್ದಾಳೆ, ಅಷ್ಟು ಎತ್ತಬೇಡ ಮಗಾ, ಕುತ್ತಿಗೆ ಹಿಡಿಯುತ್ತದೆ, ಪಿರಮಿಡ್ಡಿನಲ್ಲಿ ಕುತ್ತಿಗೆ ಸಡಿಲ ಇರಬೇಕು — ಇದನ್ನು ಹೇಳಿಕೊಡಬೇಕಾದವಳು ಅಗೋ ಅಲ್ಲಿ, ಕೊರಳಲ್ಲಿ ಸೀಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾಳೆ, ವಾಗ್ದೇವಿ, ಡ್ರಿಲ್ ಟೀಚರ್, ನಾನು ಆಗಬೇಕಿದ್ದದ್ದು, ಹೌದು, ನಾನೇ, ಇವತ್ತು ಬೀಡಿ ಕಟ್ಟುವುದು ಬಿಟ್ಟು ಎರಡು ಬಸ್ಸು ಬದಲಿಸಿ ಬಂದು ಈ ಕಲ್ಲಿನ ಮೆಟ್ಟಿಲಲ್ಲಿ ಕೂತ ನಾನೇ, ಬೆರಳ ತುದಿಯಲ್ಲಿ ಹೊಗೆಸೊಪ್ಪಿನ ವಾಸನೆ ಇಟ್ಟುಕೊಂಡು. ರಾಜೀವಿ, ನಿನ್ನ ಬೆನ್ನು ಹಲಗೆಯ ಹಾಗೆ ಉಂಟು, ನಿನ್ನನ್ನು ಡ್ರಿಲ್ ಟ್ರೈನಿಂಗಿಗೆ ಕಳಿಸ್ತೇನೆ ನೋಡು, ಹಾಗೆ ಹೇಳಿದ್ದರು ಮೂಕಾಂಬಿಕಾ ಟೀಚರ್, ಎಪ್ಪತ್ತೆರಡನೇ ಇಸವಿ, ಬಂಟ್ವಾಳದ ಶಾಲೆ, ಒಂಬತ್ತನೇ ಕ್ಲಾಸು, ಎರಡು ತಿಂಗಳು ಕೊಯ್ಲಾದ ಗದ್ದೆಯಲ್ಲಿ ಅಭ್ಯಾಸ, ಬಿದ್ದರೂ ಮಣ್ಣಲ್ವಾ ಎಂದು, ಕೆಳಗೆ ಮೂವರು ಮೊಣಕಾಲೂರಿ, ಅವರ ಮೇಲೆ ಇಬ್ಬರು, ಇಬ್ಬರಲ್ಲಿ ಒಬ್ಬಳು ನಾನು, ಎಲ್ಲರ ಮೇಲೆ ವಾಗ್ದೇವಿ, ಕೊನೆಗೆ ಅವಳು ಒಂದು ಕಾಲನ್ನು ಗಾಳಿಗೆ ಎತ್ತಿ ಸೆಲ್ಯೂಟ್ ಹೊಡೆಯಬೇಕು, ಇನ್ನೊಂದು ಕಾಲು ಊರುವುದು ನನ್ನ ಬೆನ್ನಿನ ಮೇಲೆ. ಬರಿಗಾಲು. ಅವಳ ಹೆಬ್ಬೆರಳು ಎಲ್ಲಿ ಒತ್ತುತ್ತದೆ, ಹಿಮ್ಮಡಿ ಎಲ್ಲಿ, ನನ್ನ ಬೆನ್ನಿಗೆ ಬಾಯಿಪಾಠ, ಒಂದು ದಿನವೂ ಬೀಳಲಿಲ್ಲ, ಒಂದೇ ಒಂದು ದಿನವೂ.

ಸ್ಪರ್ಧೆಗೆ ಹೊರಟ ಬೆಳಿಗ್ಗೆ ಶೂ ಬಂದವು, ಬಿಳಿ ಕ್ಯಾನ್ವಾಸು, ನನ್ನ ಕಾಲಿಗೆ ಜೀವಮಾನದ ಮೊದಲನೆಯದು, ಬೆಳ್ತಂಗಡಿಯ ಮೈದಾನದ ಬದಿಯಲ್ಲಿ ಕೂತು ಸೀಮೆಸುಣ್ಣ ಅರೆದು ಹಚ್ಚಿದ್ದೇ ಹಚ್ಚಿದ್ದು, ವಾಗ್ದೇವೀ ಅಡಿಗೂ ಹಚ್ಚು, ಕಾಲು ಎತ್ತುವಾಗ ಅತಿಥಿಗಳಿಗೆ ಶೂವಿನ ಅಡಿಯೇ ಕಾಣುವುದು, ಅದೂ ಬೆಳ್ಳಗೆ ಇರ್ಲಿ, ಎಂದರು ಟೀಚರ್, ಅವರಿಗೆ ನೀಟ್‌ನೆಸ್ಸಿನ ಹತ್ತು ಮಾರ್ಕಿನ ಹುಚ್ಚು. ಆಮೇಲೆ ಸೀಟಿ, ಒಂದು, ಎರಡು, ಮೂರು, ಬೆನ್ನ ಮೇಲೆ ಯಾವುದೋ ಗುರುತಿಲ್ಲದ ವಸ್ತು, ಹೆಬ್ಬೆರಳಿಲ್ಲ, ಹಿಮ್ಮಡಿಯಿಲ್ಲ, ಅದು ಸರ್ರನೆ ಓಡಿತು ನನ್ನ ಬಲಪಕ್ಕೆಯ ಕಡೆಗೆ, ಜನರೆಲ್ಲ ಅಯ್ಯೋ ಎಂದರು. ನಾನು ಇನ್ನೂ ಹಾಗೆಯೇ ಇದ್ದೆ, ಅಂಗೈ ಊರಿ, ಬೆನ್ನು ಚಾಚಿ, ಅವಳು ನೆಲದಲ್ಲಿ ಕೈ ಮುರಿದುಕೊಂಡು ಕೂಗುತ್ತಿದ್ದಳು. ನೀನು ಯಾಕೆ ಅಲ್ಲಾಡಿದ್ದು? ಅಲ್ಲಾಡಲಿಲ್ಲ ಟೀಚರ್. ಮತ್ತೆ ಅವಳು ತಾನಾಗಿ ಹಾರಿದ್ದಾ? ಕೆನ್ನೆಗೆ ಬಿತ್ತು, ಎಲ್ಲರ ಎದುರು. ವಾಗ್ದೇವಿ ಬೆಂಚಿನಲ್ಲಿ ಕೂತಿದ್ದಳು, ಕೈಗೆ ಬಟ್ಟೆ ಕಟ್ಟಿದ್ದರು, ನನ್ನನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿ ತನ್ನ ಶೂ ನೋಡಿಕೊಂಡಳು, ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು, ಆಡಲಿಲ್ಲ. ಮನೆಯಲ್ಲಿ ಅಂಗಿ ತೆಗೆಸಿದ ಅಮ್ಮ, ಇದೆಂಥದ್ದು ಮಾರಾಯ್ತಿ ಬೆನ್ನಲ್ಲಿ? ನೀಲಿ ಅಂಗಿಯ ಬೆನ್ನಿನಲ್ಲಿ ಒಂದೂವರೆ ಗೇಣಿನ ಬಿಳಿ ಗೆರೆ, ನಡುಬೆನ್ನಿನಿಂದ ಬಲಪಕ್ಕೆಗೆ, ನಿಂತ ಕಾಲಾದರೆ ಕಾಲಿನ ಅಚ್ಚು ಬೀಳುತ್ತದೆ, ಇದು ಜಾರಿದ ಕಾಲು, ಕುರುಡರಿಗೂ ಗೊತ್ತಾಗಬೇಕು, ಇಡೀ ದಿನ ನನ್ನ ಬೆನ್ನಲ್ಲೇ ಇತ್ತು, ನನ್ನ ಬೆನ್ನನ್ನು ನಾನು ನೋಡುವುದು ಹೇಗೆ, ನೋಡಬೇಕಾದವರು ಕೆನ್ನೆ ಮಾತ್ರ ನೋಡಿದರು. ಒಗೀಬೇಡ ಅಮ್ಮಾ, ನಾಳೆ ಟೀಚರಿಗೆ ತೋರಿಸ್ಬೇಕು. ಕಲೆ ತೋರಿಸ್ಲಿಕ್ಕೆ ಹೋಗ್ತೀಯಾ, ನಾಳೆಗೆ ಹಾಕ್ಲಿಕ್ಕೆ ಬೇರೆ ಅಂಗಿ ಉಂಟಾ ನಿನಗೆ? ಸೀಮೆಸುಣ್ಣವಲ್ಲವೇ, ಒಂದೇ ಮುಳುಗಿಗೆ ಹೋಯಿತು.

ಟ್ರೈನಿಂಗಿಗೆ ವಾಗ್ದೇವಿ ಹೋದಳು, ನಾನು ಬೀಡಿಗೆ ಕೂತೆ. ಮದುವೆಯಾಗಿ ಮಗು ಎತ್ತಿಕೊಂಡು ಬಿ.ಸಿ.ರೋಡಿನಲ್ಲಿ ಬಸ್ಸಿಗೆ ನಿಂತರೂ ಯಾರೋ ಒಬ್ಬಳು ನಗುತ್ತಾ ಬರುತ್ತಾಳೆ, ನೀನು ಆ ಅಲ್ಲಾಡಿದ ರಾಜೀವಿ ಅಲ್ವಾ? ಅಲ್ಲ ಎನ್ನಲೇ, ಹೌದು ಎನ್ನಲೇ. ಕೇಳಿ ಕೇಳಿ ಕೆಲವು ದಿನ ನನಗೇ ಅನುಮಾನ, ಅಲ್ಲಾಡಿದೆನೋ ಏನೋ, ಹಾಳಾದ್ದು. ಈಗ ತುಂಗಾ, ಅದೇ ಶಾಲೆ, ಅದೇ ಪಿರಮಿಡ್ಡು, ಅದೇ ಜಾಗ, ಅಮ್ಮಾ ನನ್ನ ಬೆನ್ನಿನ ಮೇಲೆಯೇ ನಸೀಬಾ ನಿಲ್ಲುವುದು, ಎಷ್ಟು ಸಂಭ್ರಮ ಅವಳಿಗೆ. ಹೋದ ವಾರ ಶಾಲೆಗೆ ಹೋಗಿ ಬಾಗಿಲಲ್ಲಿ ನಿಂತೆ, ವಾಗ್ದೇವಿಯನ್ನು ಟೀಚರ್ ಎಂದೇ ಕರೆದೆ, ಮೇಲೆ ನಿಲ್ಲುವ ಮಗುವಿಗೆ ಶೂ ಬೇಡ ಟೀಚರ್. ಹುಡಿಯ ಮಾತು ಎತ್ತಲಿಲ್ಲ, ಶೂ ಅಂತ ಮಾತ್ರ ಹೇಳಿದ್ದು. ಅವಳು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಶೂ ಇಲ್ಲದಿದ್ರೆ ಮಾರ್ಕ್ ಹೋಗ್ತದೆ ರಾಜೀವಿ, ಶೂವಿನಿಂದ ಯಾರೂ ಬೀಳುವುದಿಲ್ಲ, ಕೆಳಗಿನವರು ಅಲ್ಲಾಡಿದ್ರೆ ಬೀಳ್ತಾರೆ, ನಿನಗೆ ಗೊತ್ತುಂಟಲ್ಲ. ನನ್ನ ಮುಖಕ್ಕೇ ಹೇಳಿದಳು.

ಸೀಟಿ. ಮೂವರು ಮೊಣಕಾಲೂರಿದರು, ಇಬ್ಬರು ಹತ್ತಿದರು, ತುಂಗಾ ಬೆನ್ನು ಚಾಚಿದಳು, ಹಲಗೆ, ನನ್ನದೇ ಹಲಗೆ, ನಸೀಬಾ ಬಿಳಿ ಶೂವಿನಲ್ಲಿ ಓಡಿ ಬಂದಳು — ನಿಲ್ಲು, ಇದು ಯಾರು ಕೂಗಿದ್ದು, ವಾಗ್ದೇವಿ ಓಡುತ್ತಿದ್ದಾಳೆ, ತೀರ್ಪುಗಾರರ ಎದುರೇ ಮಂಡಿಯೂರಿ ಮಗುವಿನ ಲೇಸು ಬಿಚ್ಚುತ್ತಾಳೆ, ಶೂ ಎಳೆದು ಬಿಸಾಡುತ್ತಾಳೆ, ಅಂಗಾಲನ್ನು ತನ್ನ ಸೆರಗಿನಿಂದ ಒರೆಸುತ್ತಾಳೆ, ಹುಡಿ ಒಂದಿಷ್ಟೂ ಉಳಿಯದ ಹಾಗೆ, ಬೆರಳ ಸಂದಿಯನ್ನೂ, ಆಮೇಲೆ ಎದ್ದು ನೇರ ಈ ಮೆಟ್ಟಿಲಿನ ಕಡೆಗೆ, ನನ್ನ ಕಡೆಗೆ ನೋಡುತ್ತಾಳೆ, ತಲೆ ತಗ್ಗಿಸುತ್ತಾಳೆ, ಅವತ್ತಿನ ಹಾಗೆಯೇ. ಬರಿಗಾಲು ತುಂಗಾಳ ಬೆನ್ನಿಗೆ ಬಂತು, ಒಂದು, ಎರಡು, ಮೂರು, ಕಾಲು ಎತ್ತಿದಳು, ನಿಂತಳು, ನಿಂತೇ ನಿಂತಳು, ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ, ನನ್ನ ಕೈ ಏಳುತ್ತಿಲ್ಲ. ಗೊತ್ತಿತ್ತು ಅವಳಿಗೆ. ಹದಿನಾರು ವರ್ಷವೂ ಗೊತ್ತಿತ್ತು. ನೀಲಿ ಅಂಗಿ, ಅಮ್ಮನ ಬಕೆಟ್ಟು, ನೀರಿಗೆ ಇನ್ನೂ ತಾಗದ ಆ ಬಿಳಿ ಗೆರೆ, ನಡುಬೆನ್ನಿನಿಂದ ಬಲಪಕ್ಕೆಗೆ, ಆ ಬಿಳಿ ಗೆರೆ.