ರಮಾಬಾಯಿ ಕಡೆಯವಳು

“ಏ ಲೋಕಿ, ಕೊಡ ಮುಟ್ಟಬ್ಯಾಡಲೇ ಹಲ್ಕಟ್ ಮುಂಡೆ! ನಿನ್ ರೋಗ ಎಲ್ರಿಗೂ ಹಂಚಾಕ ಬಂದೀಯೇನು?”

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದೆ ಕಸ ಗುಡಿಸುವವರೆಲ್ಲ ನೀರು ಕುಡಿಯಲು ಕೂತಿದ್ದರು. ಗುತ್ತಿಗೆದಾರನ ಮೇಸ್ತ್ರಿ ಚನ್ನೇಶ್ ಕೂಗಿದ್ದೇ ಲೋಕಮ್ಮ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಹನ್ನೆರಡು ವರ್ಷದಿಂದ ಜೊತೆಗೆ ಗುಡಿಸುತ್ತಿದ್ದ ವರದಮ್ಮ ಕೊಡವನ್ನು ಮೆಲ್ಲಗೆ ತನ್ನ ಕಡೆ ಸರಿಸಿಕೊಂಡಳು. ಮೇಸ್ತ್ರಿಯ ಬೈಗುಳಕ್ಕಿಂತ ಅದೇ ಹೆಚ್ಚು ನೋಯಿಸಿತು.

ಸೂಜಿ ಚುಚ್ಚಿದ್ದು ಎರಡು ವರ್ಷದ ಹಿಂದೆ. ಯಾವುದೋ ನರ್ಸಿಂಗ್ ಹೋಮಿನವರು ಮನೆಕಸದ ಜೊತೆ ಕಟ್ಟಿ ಎಸೆದಿದ್ದ ಚೀಲಕ್ಕೆ ಅವಳು ಬರಿಗೈ ಹಾಕಿದ್ದಳು. ಅದಕ್ಕೂ ಮೊದಲು ಗ್ಲೌಸ್ ಕೇಳಿದಾಗ ಚನ್ನೇಶ್, “ಮದ್ಲಿಂಗಿತ್ತಿ ಏನ್ಲೇ ನೀನು? ಕೈ ಸವೀತಾವಾ?” ಎಂದು ನಕ್ಕಿದ್ದ.

ಈ ವರ್ಷ ಸುಸ್ತು ಹೆಚ್ಚಾಗಿ ಹೋದಾಗ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿ ಹೆಪಟೈಟಿಸ್ ಸಿ ಎಂದರು. ಚೀಟಿ ಹಿಡಿದು ಗೋಡೆಗೆ ಮುಖ ಮಾಡಿ ನಿಂತವಳ ಬೆನ್ನು ಸವರಿ ಮಾತಾಡಿಸಿದ್ದು ಸೊರಬದ ಕಡೆ ಜಡೆ ಊರಿನ ರಮಾಬಾಯಿ. ನಾಟಿ, ಕಳೆ ಅಂತ ಕೂಲಿ ಮಾಡುವ ಒಂಟಿ ಹೆಂಗಸು.

“ಯಾಕೆ ಅಳ್ತೀಯೇ? ನಂದೂ ಅದೇ ರೋಗ. ಹೆರಿಗೇಲಿ ರಕ್ತ ಹಾಕಿದ್ರು. ಕೂಸು ಉಳೀಲಿಲ್ಲ, ಇದೊಂದು ಉಳ್ಕಂತು.”

ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟಳು. ಲೋಕಮ್ಮ ಹಿಂಜರಿದಳು.

“ತಿನ್ನೇ. ಇದು ಎಂಜಲಿಂದ ಬರಾದಲ್ಲ, ಮುಟ್ಟಿದ್ರೆ ಬರಾದಲ್ಲ. ರಕ್ತಕ್ಕೆ ರಕ್ತ ತಾಗಿದ್ರೆ ಅಷ್ಟೆ. ಮೂರು ತಿಂಗಳು ಗುಳಿಗೆ ನುಂಗು, ಹೋಗ್ತದೆ. ಒಂದಿನಾನೂ ತಪ್ಪಿಸ್ಬೇಡ.”

ಅಂದಿನಿಂದ ದಿನಾ ಬೆಳಿಗ್ಗೆ ರಮಾಬಾಯಿಯ ಫೋನು: “ನುಂಗಿದ್ಯೇನೇ?” ಗಂಡ ಕೆಂಪಪ್ಪ ತಟ್ಟೆ ಬೇರೆ ಇಟ್ಟನೆಂದು ಲೋಕಮ್ಮ ಅತ್ತ ದಿನ, “ನಿನ್ ತಟ್ಟೇಲಿ ಉಂಡ್ರೂ ನಿನ್ ಬುದ್ಧಿ ಅವನಿಗೆ ಅಂಟಾಕಿಲ್ಲ, ಹೆದರ್ಬೇಡ ಅನ್ನು” ಎಂದು ನಗಿಸಿದ್ದಳು. ಗುಳಿಗೆ ರಮಾಬಾಯಿಯ ರಕ್ತದಿಂದ ರೋಗವನ್ನು ಓಡಿಸಿತ್ತು ನಿಜ, ಆದರೆ ಲಿವರ್ ಅಷ್ಟರಲ್ಲೇ ಕಲ್ಲಾಗಿತ್ತು. ಹೊಟ್ಟೆಯಲ್ಲಿ ನೀರು ತುಂಬುತ್ತಿದೆ ಅನ್ನುವುದನ್ನು ಮಾತ್ರ ಅವಳು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಐವತ್ತನೇ ಗುಳಿಗೆಯ ದಿನ ಫೋನು ಬರಲಿಲ್ಲ. ಗುಡಿಸುತ್ತಲೇ ಲೋಕಮ್ಮ ತಾನೇ ಮಾಡಿದಳು. ಎತ್ತಿದವನು ರಮಾಬಾಯಿಯ ಮೈದುನ ಗೋಪಾಲಪ್ಪ.

“ಹೊಟ್ಟೆ ಊದ್ಕಂಡು ಸತ್ಲು. ಇನ್ನು ಮಾಡ್ಬೇಡ.”

ಲೋಕಮ್ಮ ಕಸದ ಗಾಡಿಯನ್ನು ರಸ್ತೆ ನಡುವೆಯೇ ಬಿಟ್ಟು ನಡೆದಳು.

“ಎಲ್ಲಿಗಲೇ? ನಾಳಿಂದ ಬರಬ್ಯಾಡ ನೋಡು!” ಚನ್ನೇಶ್ ಕೂಗಿದ.

“ನಿಮ್ಮವ್ವನ್ನ ಕರ್ಕಂಬಾ ಗುಡಿಸಾಕ,” ಎಂದಳು. ತಿರುಗಿ ನೋಡಲಿಲ್ಲ.

ಜಡೆಯಲ್ಲಿ ಮನೆ ಮುಂದೆ ಜನ ದೂರ ದೂರ ನಿಂತಿದ್ದರು. ರಮಾಬಾಯಿಯನ್ನು ಗೊಬ್ಬರದ ಚೀಲಗಳಲ್ಲಿ ಸುತ್ತಿ, ಹಗ್ಗ ಬಿಗಿದು, ಅಂಗಳದ ಮೂಲೆಯಲ್ಲಿ ಮಲಗಿಸಿದ್ದರು. ಪಾದ ಮಾತ್ರ ಹೊರಗಿದ್ದವು. ಹಿಮ್ಮಡಿಯ ಬಿರುಕುಗಳಲ್ಲಿ ಯಾರ್ಯಾರದೋ ಗದ್ದೆಗಳ ಕೆಸರು ಕರ್ರಗೆ ಕೂತಿತ್ತು.

“ನೀರ್ ಹಾಕಿ ಮೀಸಾದಿಲ್ಲೇನ್ರೀ?” ಎಂದಳು ಲೋಕಮ್ಮ.

“ಯಾರು ಮುಟ್ತಾರೆ ಆ ರೋಗಾನ? ಹಂಗೇ ಸುಡಾದು,” ಎಂದ ಗೋಪಾಲಪ್ಪ.

ಲೋಕಮ್ಮ ಒಲೆ ಹೊತ್ತಿಸಿ ಹಂಡೆಗೆ ನೀರು ತುಂಬಿದಳು. ತಂತಿ ಮೇಲಿದ್ದ ಸೀರೆ ಎಳೆದು ಮರೆ ಕಟ್ಟಿದಳು. ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ಕಿತ್ತು ಹಗ್ಗ ಕೊಯ್ದಳು.

“ಏಯ್! ಯಾವ ಜಾತಿಯೋಳೋ ಏನೋ, ನಮ್ಮ ಹೆಣ ಮುಟ್ಟಾಕೆ ಬಂದಾಳೆ! ಯಾರ ಕಡೆಯೋಳೇ ನೀನು?”

“ಆಕಿ ಕಡೆಯೋಳು.”

ಗೋಪಾಲಪ್ಪ ಹಂಡೆಯನ್ನು ಒದ್ದ. ನೀರು ಅಂಗಳದ ತುಂಬ ಹರಿಯಿತು, ಒಲೆ ಚುಯ್ಯೆಂದು ಆರಿತು. ಲೋಕಮ್ಮ ಕುಡುಗೋಲು ಕೆಳಗಿಡದೆಯೇ ಬಕೀಟು ಎತ್ತಿಕೊಂಡು ಬಾವಿಗೆ ಹೋದಳು. ಈ ಸಲ ಯಾರೂ ಅಡ್ಡ ಬರಲಿಲ್ಲ. ಒಬ್ಬರೂ ಕೈ ಹಚ್ಚಲೂ ಇಲ್ಲ.

ಹಸಿ ಒಲೆ ಊದಿ ಊದಿ ಕಣ್ಣು ಕೆಂಪಾದವು. ಉಬ್ಬಿದ ಹೊಟ್ಟೆಯನ್ನೂ ಕಡ್ಡಿಯಂಥ ಕೈಕಾಲನ್ನೂ ಸೋಪು ಹಚ್ಚಿ ತೊಳೆದಳು. ಹಿಮ್ಮಡಿಯನ್ನು ತಿಕ್ಕಿ ತಿಕ್ಕಿ ಸೋತಳು, ಕೆಸರು ಬಿಡಲಿಲ್ಲ. ಕೊನೆಗೆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಂಬಿಗೆ ಎತ್ತಿದವಳು, ಹೊಯ್ಯದೆ ತಡೆದು, ಬೆರಳದ್ದಿ ನೋಡಿದಳು.

“ಭಾಳ ಬಿಸಿ ಆತೇನಕ್ಕಾ?”

ತಣ್ಣೀರು ಬೆರೆಸಿಕೊಂಡು, ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು, ಹೊಯ್ದಳು.