ಮೊಲಕ್ಕೆ ಹಾಸಿದ ರೇಷ್ಮೆ

ಮೊಲ ಸಾಕಿದ ಮನೆಯಲ್ಲಿ ಮೊದಲು ಹುಟ್ಟುವ ಜಗಳ ಯಾವುದು ಗೊತ್ತೇ? ಮೇವಿನದಲ್ಲ, ಬೀದಿ ನಾಯಿಯದೂ ಅಲ್ಲ. ವಾಸನೆಯದು. ಉಚ್ಚೆಯ ಘಾಟು ಮೂಗಿಗೆ ಬಡಿಯಿತೋ, ಮನೆ ಎರಡು ಪಕ್ಷವಾಯಿತು ಅಂತಲೇ ಲೆಕ್ಕ.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಗುರುಸ್ವಾಮಿಯ ಮನೆಯಲ್ಲೂ ಹಾಗೇ ಆಯಿತು. ನಡುಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ, ಹಿಂದಿನ ಜಗಲಿಯಲ್ಲಿ ಮೊಲದ ಗೂಡು. ಗೂಡಿನಲ್ಲಿ ಎರಡು ಹೆಣ್ಣು ಮೊಲ. ಒಂದು ದುಂಡಿ, ಇನ್ನೊಂದು ಹಣೆಯ ಮೇಲೆ ಕರಿ ಬೊಟ್ಟಿದ್ದ ಚುಕ್ಕಿ. ಕಾಮಗೆರೆಯಲ್ಲಿ ಮೊಲ ಸಾಕುವ ಪರಿಚಯದವರಿಂದ ಹಟ ಹಿಡಿದು ತರಿಸಿಕೊಂಡವಳು ಗುರುಸ್ವಾಮಿಯ ಮಗಳು ಮೇಘನಾ, ಆರನೇ ಕ್ಲಾಸಿನ ಹುಡುಗಿ. ಅವಳ ತಾಯಿ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಹಾಗಾಗಿ ಮೊಮ್ಮಗಳನ್ನೂ ಮೊಲಗಳನ್ನೂ ನೋಡಿಕೊಳ್ಳುವುದು ಅಜ್ಜಿ ರಂಗಮ್ಮನ ಪಾಲಿಗೆ ಬಂದಿತ್ತು.

"ಅವ್ವಾ, ಗಿರಾಕಿ ಬಂದು ಸೀರೆ ಮೂಸುದ್ರೆ ಏನನ್ಕತಾರೆ? ಈ ಮನೇಲಿ ಒಂದು ಮೊಲ ಇರ್ಬೇಕು, ಇಲ್ಲಾ ಮಗ್ಗ ಇರ್ಬೇಕು" ಅಂತ ಗುರುಸ್ವಾಮಿ ಗೊಣಗಿದ.

ಗೊಣಗಿ ಸುಮ್ಮನಾಗಲಿಲ್ಲ. ಸಾಮಿಲ್ಲಿನಿಂದ ಒಂದು ಚೀಲ ಮರದ ಹೊಟ್ಟು ತಂದು ಗೂಡಿಗೆ ಸುರಿದ. ಸೀರೆ ಪೆಟ್ಟಿಗೆಯಲ್ಲಿ ಇಡುವ ನುಸಿಗುಳಿಗೆ ಎರಡನ್ನು ಗೂಡಿನ ಮೂಲೆಗೆ ಹಾಕಿದ. ವಾಸನೆ ಹೋಯಿತು. ಆದರೆ ಎರಡೇ ದಿನಕ್ಕೆ ಮೊಲಗಳು ಸೀನತೊಡಗಿದವು, ಕಣ್ಣಲ್ಲಿ ನೀರು ಸುರಿಯಿತು.

"ಥಂಡಿ ಆಗದೆ, ಪಾಪದವು" ಅಂದರು ರಂಗಮ್ಮ. ಥಂಡಿಗೆ ಬೆಚ್ಚಗಿನ ಹಾಸಿಗೆಗಿಂತ ಬೇರೆ ಮದ್ದು ಯಾವುದು?

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಗ್ಗದಲ್ಲಿ ಉಳಿದ ರೇಷ್ಮೆಯ ತುಂಡು ನೂಲನ್ನು ಎಸೆಯುತ್ತಿರಲಿಲ್ಲ. ವರ್ಷವಿಡೀ ಕೂಡಿಟ್ಟು, ಮನೆಯಲ್ಲಿ ಮಗು ಹುಟ್ಟಿದರೆ ಅದರ ತಲೆದಿಂಬಿಗೆ ತುಂಬುತ್ತಿದ್ದರು. ಗುರುಸ್ವಾಮಿ ಮಲಗಿದ್ದು ಅಂಥ ದಿಂಬಿನ ಮೇಲೆ, ಮೇಘನಾ ಮಲಗಿದ್ದೂ ಅದರ ಮೇಲೆಯೇ. ರೇಷ್ಮೆಗೆ ಮೈಲಿಗೆಯಿಲ್ಲ, ರೇಷ್ಮೆ ಬೆಚ್ಚಗಿರುತ್ತದೆ ಅನ್ನುವುದು ರಂಗಮ್ಮ ಅತ್ತೆಯಿಂದ ಕಲಿತ ಮಾತು. ಅವರು ಹೊಟ್ಟನ್ನು ಗುಡಿಸಿ ತೆಗೆದು, ಕೂಡಿಟ್ಟಿದ್ದ ನೂಲನ್ನು ಬೊಗಸೆ ಬೊಗಸೆಯಾಗಿ ಗೂಡಿಗೆ ಹಾಸಿದರು. ಮೇಘನಾ ಅದನ್ನು ಬಿಡಿಸಿ ಬಿಡಿಸಿ ಮೆತ್ತಗೆ ಮಾಡಿದಳು. ಕೆಂಪು, ಹಸಿರು, ಅರಿಶಿನ ಬಣ್ಣದ ನೂಲಿನ ನಡುವೆ ಎರಡೂ ಮೊಲ ಮದುವಣಗಿತ್ತಿಯರ ಹಾಗೆ ಕೂತವು.

ನೂಲು ಹಾಸಿದ ನಾಲ್ಕನೇ ದಿನ ದುಂಡಿ ಸೊಪ್ಪು ಮುಟ್ಟಲಿಲ್ಲ. ಮೈ ಮುದುರಿಕೊಂಡು, ಹಲ್ಲು ಕಟಕಟ ಕಡಿಯುತ್ತಾ ಮೂಲೆ ಹಿಡಿದು ಕೂತಿತು.

"ಅಜ್ಜಿ, ದನದ ಆಸ್ಪತ್ರೆಗೆ ಓಗಣ" ಅಂದಳು ಮೇಘನಾ.

"ಮೊಲುಕ್ಕೆಲ್ಲಾ ಎಂತಾ ಆಸ್ಪತ್ರೆ ಕಣವ್ವ? ಯಾರ್ದೋ ಕಣ್ಣಾಗದೆ, ಅಷ್ಟೇಯ" ಅಂದ ರಂಗಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಓಂಕಾಳಿನ ನೀರು ಕುಡಿಸಲು ನೋಡಿದರು. ಮೊಲ ಬಾಯಿ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಗೂಡಿನ ಬಾಗಿಲು ತೆರೆದರೆ ದುಂಡಿ ಸೆಟೆದು ಬಿದ್ದಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ರಂಗಮ್ಮ ಕಲ್ಲು ಮನಸ್ಸಿನವರಲ್ಲ. ನುಗ್ಗೆ ಮರದ ಬುಡದಲ್ಲಿ ತಾವೇ ಗುಂಡಿ ತೋಡಿ, ದುಂಡಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸಿದರು. ಮೇಘನಾ ಅಳಲಿಲ್ಲ. "ಯಾಕಜ್ಜಿ ಸತ್ತೋಯ್ತು?" ಅಂತ ಕೇಳಿದಳು, ಅಷ್ಟೇ. "ದ್ಯಾವ್ರು ಕರ್ಕಂಡ" ಅಂದರು ರಂಗಮ್ಮ. ಆ ಉತ್ತರ ಅವರಿಗೇ ರುಚಿಸಲಿಲ್ಲ. ಹುಡುಗಿ ಅವತ್ತಿನಿಂದ ಅಜ್ಜಿಯ ಹತ್ತಿರ ಮಾತು ಕಡಿಮೆ ಮಾಡಿದಳು.

ಇನ್ನು ಉಳಿದದ್ದು ಚುಕ್ಕಿ ಒಂದೇ. ಅದನ್ನಾದರೂ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಈ ಮಗುವಿನ ಮುಖ ನೋಡುವುದು ಹೇಗೆ ಅಂತ ರಂಗಮ್ಮನಿಗೆ ಅದೇ ಚಿಂತೆ. ಒಂಟಿ ಜೀವ, ಚಳಿಯಾದೀತು ಅಂತ ಅವರು ಏನು ಮಾಡಿದರು ಹೇಳಿ? ಇನ್ನೊಂದು ಬೊಗಸೆ ರೇಷ್ಮೆ ನೂಲು ಹಾಸಿದರು. ಅಯ್ಯೋ ಅನ್ನಬೇಕೋ, ಬೈಯಬೇಕೋ!

ಮೂರನೇ ದಿನ ಸಂಜೆ ಚುಕ್ಕಿಯೂ ಮೇವು ಬಿಟ್ಟಿತು.

ಮಾರನೆಯ ದಿನ ಮೇಘನಾ ಸ್ಕೂಲಿಗೆ ಹೋಗಲೇ ಇಲ್ಲ. ಗೂಡಿನ ಮುಂದೆ ಮಂಡಿಯ ಮೇಲೆ ತಲೆಯಿಟ್ಟು ಕೂತಿದ್ದಳು. ಅದೇ ಹೊತ್ತಿಗೆ ಹೊನ್ನೂರಿನ ಯಶೋದ ಬಂದಳು. ತಂಗಿಯ ಮದುವೆಗೆ ಸೀರೆ ಹೇಳಿಹೋಗಲು ಬಂದವಳು. ಯಶೋದ ತನ್ನೂರಿನಲ್ಲಿ ಪಶುಸಖಿ. ಆಡು, ಕುರಿ, ಕೋಳಿಗಳ ಆರೈಕೆಯ ತರಬೇತಿ ಪಡೆದು ಮನೆ ಮನೆಗೆ ಹೋಗಿ ತಿಳಿಹೇಳುವ ಹೆಣ್ಣುಮಗಳು. ಅವಳ ಮನೆಯಲ್ಲೂ ಆರು ಮೊಲ ಇದ್ದವು. ಹುಡುಗಿಯ ಮುಖ ಕಂಡು ಸೀರೆಯ ಮಾತು ಅರ್ಧಕ್ಕೇ ಬಿಟ್ಟು ಜಗಲಿಗೆ ಬಂದಳು.

"ಯಾವಾಗಿಂದ ತಿಂತಿಲ್ಲವ್ವ ಇದು?"

"ನೆನ್ನೆ ಸಾಯಂಕಾಲದಿಂದ" ಅಂದಳು ಮೇಘನಾ.

"ಹಿಕ್ಕೆ ಹಾಕದಾ?"

ಅದನ್ನು ಯಾರು ನೋಡಿದ್ದರು? ಯಶೋದ ಬಗ್ಗಿ ನೂಲನ್ನು ಸರಿಸಿದಳು. ಅಡಿಯಲ್ಲಿ ಹಳೆಯ ಹಿಕ್ಕೆ ಬಿದ್ದಿತ್ತು. ಒಂದೊಂದಾಗಿ ಉದುರಿದ್ದಲ್ಲ, ಕೆಂಪು ನೂಲಿನಲ್ಲಿ ಪೋಣಿಸಿದ ಮಣಿಯ ಹಾಗೆ ಒಂದಕ್ಕೊಂದು ಕಟ್ಟಿಕೊಂಡಿತ್ತು. ಅವಳು ಅದನ್ನು ಕಡ್ಡಿಯಲ್ಲಿ ಎತ್ತಿ ರಂಗಮ್ಮನ ಕಣ್ಣ ಮುಂದೆ ಹಿಡಿದಳು.

"ನೋಡ್ರವ್ವ. ಇದು ನೂಲು ತಿಂತಾ ಅದೆ."

"ಎಲ್ಲಾದ್ರೂ ಉಂಟಾ!" ರಂಗಮ್ಮ ರೇಗಿದರು. "ರೇಷ್ಮೆ ಕಣ ತಾಯಿ ಅದು. ದ್ಯಾವ್ರು ಮೈಮ್ಯಾಲೆ ಉಡ್ಸದು. ನನ್ ಮಗ ಹುಟ್ದಾಗ ಇದ್ರು ಮ್ಯಾಲೇ ಮಲಗ್ಸಿದ್ದು, ಒಂದು ಸೀನೂ ಬರ್ನಿಲ್ಲ."

"ನಿಮ್ ಮಗ ದಿಂಬ ತಿಂದಿರ್ನಿಲ್ಲ ಕಣವ್ವ" ಅಂದಳು ಯಶೋದ ಮೆಲ್ಲಗೆ. "ಮೊಲ್ದ ಹಲ್ಲು ಸಾಯೋಗಂಟ ಬೆಳೀತಾನೇ ಇರ್ತದೆ. ಅದುಕ್ಕೇ ಅದು ಸುಮ್ಕೆ ಕೂತಿದ್ರೂ ಏನಾರ ಕಡೀತಾ ಇರ್ತದೆ. ನಾಯಿ ಬೆಕ್ಕಿನಂಗೆ ವಾಂತಿ ಮಾಡಕೂ ಬರಾಕಿಲ್ಲ. ಒಳಕ್ಕೋದ ನೂಲು ಕರುಳಲ್ಲಿ ಗಂಟಾಯ್ತದೆ. ಮೊಲುಕ್ಕೆ ಏನು ಹಾಸ್ತಿರೋ ಅದನ್ನೇ ತಿನ್ಸುದ್ರಿ ಅಂತ ತಿಳ್ಕಳಿ."

ಚುಕ್ಕಿಯನ್ನು ಈಚೆಗೆ ತೆಗೆದರು. ಬಾಲದ ಕೆಳಗೆ ಎರಡು ಬೆರಳಷ್ಟು ಹಸಿರು ನೂಲು ಜೋತಾಡುತ್ತಿತ್ತು. ರಂಗಮ್ಮ ಥಟ್ಟನೆ ಕೈ ಚಾಚಿ ಆ ತುದಿ ಹಿಡಿದರು. ಗಂಟು ಬಿದ್ದ ಎಳೆಯನ್ನು ಬಿಡಿಸಿ ಬಿಡಿಸಿ ಪಳಗಿದ ಕೈ ಅದು. ಎಳೆಯಬೇಕು ಅನ್ನುವಷ್ಟರಲ್ಲಿ ಯಶೋದ ಅವರ ಮಣಿಕಟ್ಟನ್ನು ಬಲವಾಗಿ ಹಿಡಿದಳು.

"ಎಳೀಬ್ಯಾಡಿ! ಇನ್ನೊಂದು ಕೊನೆ ಒಳಗೆ ಸಿಕ್ಕಾಕಂಡಿರ್ತದೆ. ಎಳುದ್ರೆ ಕರುಳು ಕುಯ್ದೋಯ್ತದೆ."

ರಂಗಮ್ಮನ ಕೈ ಹಾಗೇ ನಿಂತಿತು. ಅಷ್ಟು ಹೊತ್ತೂ ಅಲ್ಲ ಅಲ್ಲ ಅನ್ನುತ್ತಿದ್ದ ಮನಸ್ಸು ಆ ಎರಡು ಬೆರಳು ನೂಲು ಕಂಡ ಮೇಲೆ ಕುಸಿಯಿತು. "ಹಂಗಾರೆ ದುಂಡಿ..." ಅಂದವರು ನೂಲಿನ ತುದಿಯನ್ನು ಬಿಟ್ಟರು.

ಗುರುಸ್ವಾಮಿ ಮಗ್ಗದಿಂದ ಎದ್ದು ಬಂದವನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ. ಲಾಳಿ ಕೆಳಗಿಟ್ಟು ಆಟೋ ಕರೆದ.

ಪಶು ಆಸ್ಪತ್ರೆಯಲ್ಲಿ ಡಾಕ್ಟರು ಚುಕ್ಕಿಯ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಹೊರಗೆ ಕಾಣುವ ನೂಲನ್ನಷ್ಟೇ ಕತ್ತರಿಸಿದರು. ಚರ್ಮದಡಿಗೆ ನೀರಿನಂಶದ ಔಷಧಿ ಕೊಟ್ಟು, ನೋವಿಗೊಂದು ಇಂಜೆಕ್ಷನ್ ಹಾಕಿದರು.

"ಒಳಗೆ ಎಷ್ಟಿದೆಯೋ ಹೇಳೋಕಾಗಲ್ಲ. ನಾಳೆ ಬೆಳಿಗ್ಗೆಯೊಳಗೆ ಹಿಕ್ಕೆ ಹಾಕ್ಬೇಕು. ಇಲ್ಲದಿದ್ರೆ ಮೈಸೂರಿಗೆ ತಗೊಂಡು ಹೋಗಿ, ಆಪರೇಷನ್ ಬೇಕಾಗ್ಬಹುದು. ಮೊಲ ಅರ್ಧ ದಿನ ಮೇವು ಬಿಟ್ರೆ, ಹಿಕ್ಕೆ ಹಾಕ್ದೇ ಇದ್ರೆ, ಅವತ್ತೇ ಕರ್ಕೊಂಡು ಬರ್ಬೇಕು ಅಮ್ಮ. ಕಾಯೋ ಕಾಯಿಲೆ ಅಲ್ಲ ಇದು" ಅಂದರು.

ಮನೆಗೆ ಬಂದ ಮೇಲೆ ಯಶೋದ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನೂಲಿನ ಒಂದೆಳೆಯೂ ಉಳಿಯದ ಹಾಗೆ ಗೂಡನ್ನು ಬರಿದು ಮಾಡಿದಳು. ಮೂಲೆಯಲ್ಲಿ ನುಸಿಗುಳಿಗೆ ಸಿಕ್ಕಿತು.

"ಇದ್ಯಾರು ಹಾಕಿದ್ದು? ಇದು ವಿಷ ಕಣಣ್ಣ. ಅವು ಸೀನ್ತಿದ್ದುದ್ದು ಥಂಡೀಗಲ್ಲ, ಇದ್ರು ಘಾಟ್ಗೆ, ಹೊಟ್ಟಿನ ಧೂಳ್ಗೆ."

"ಕೋಳಿ ಫಾರಂನೋರು ಮರದ ಹೊಟ್ಟು ಹಾಕ್ತಾರಲ್ಲ, ಅವೇನು ಸತ್ತೋದ್ವಾ?" ಗುರುಸ್ವಾಮಿ ಸುಲಭಕ್ಕೆ ಸೋಲುವವನಲ್ಲ.

"ಕೋಳಿ ಕೋಳಿ, ಮೊಲ ಮೊಲ. ನಿನ್ ಮಗ್ಗದ ಮನೇಲಿ ಧೂಳು ಬಂದ್ರೆ ನೀನು ಸೀರೆ ಮುಚ್ಚಿಕ್ತೀಯ. ಇದು ಇಪ್ಪತ್ನಾಕು ಗಂಟೆ ಅದ್ರೊಳ್ಗೇ ಮೂಗಿಟ್ಕಂಡು ಕೂತಿರ್ಬೇಕು. ಹೊಸಾ ಹೊಟ್ನಲ್ಲಿ ಮರದ ಘಾಟೂ ಇರ್ತದೆ, ಅದು ಉಸುರ್ಗೂ ಕೆಟ್ಟದ್ದು, ಲಿವರ್ಗೂ ಕೆಟ್ಟದ್ದು."

"ಮತ್ತೆ ವಾಸ್ನೆಗೇನು ಮಾಡದು?"

"ವಾಸ್ನೆ ಮುಚ್ಚಬ್ಯಾಡ, ತಗಿ."

ತೆಗೆಯುವುದು ಹೇಗೆ ಅಂತ ಮಾಡಿಯೇ ತೋರಿಸಿದಳು. ಮೊಲ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಆ ಮೂಲೆಗೆ ಒಂದು ಅಗಲವಾದ ತಗ್ಗಿನ ಟ್ರೇ ಇಟ್ಟಳು. ಅಡಿಗೆ ಹಳೆಯ ನ್ಯೂಸ್‌ಪೇಪರ್ ನಾಲ್ಕು ಪದರ ಹಾಸಿದಳು. ಆ ಬಣ್ಣ ಮೊಲದ ಹೊಟ್ಟೆಗೆ ಹೋಗದಿರಲಿ ಅಂತ ನುಣುಪಾದ ಬಣ್ಣದ ಜಾಹೀರಾತು ಹಾಳೆಗಳನ್ನು ಬೇರೆ ತೆಗೆದಿಟ್ಟಳು. ಅದರ ಮೇಲೆ ದಪ್ಪಗೆ ಒಣಹುಲ್ಲು. ಉಳಿದ ಗೂಡಿಗೂ ಅದೇ ಹುಲ್ಲು. ಪಕ್ಕದ ಮನೆಯ ಹಸುವಿಗೆ ತರಿಸಿದ್ದ ಹುಲ್ಲಿನಲ್ಲಿ ಹಿಡಿಹಿಡಿಯಾಗಿ ಆರಿಸಿ, ಮೂಸಿ ನೋಡಿ, ಕೊಡವಿ ತಂದಿದ್ದಳು.

"ಮೂಸೋದ್ಯಾಕಕ್ಕ?" ಮೇಘನಾ ಬಹಳ ದಿನದ ಮೇಲೆ ಒಂದು ಪ್ರಶ್ನೆ ಕೇಳಿದಳು.

"ಬೂಷ್ಟು ಹಿಡುದಿದ್ರೆ ಮುಗ್ಗುಲು ವಾಸ್ನೆ ಬತ್ತದೆ ಕಣವ್ವ. ಅಂಥದ್ದು ಹಾಕ್ಬಾರ್ದು. ಔಷ್ದಿ ಹೊಡ್ದಿರೋ ಗದ್ದೆ ಹುಲ್ಲೂ ಬ್ಯಾಡ. ಒದ್ದೆ ಆಗಿದ್ದು ದಿನಾ ತಗೀಬೇಕು. ನೀರಿಗೆ ಒಂಚೂರು ವಿನೆಗರ್ ಹಾಕಿ ಟ್ರೇ ತೊಳ್ದು ಬಿಸ್ಲಲ್ಲಿ ಒಣಗ್ಸು. ಫಿನಾಯ್ಲು ಬ್ಯಾಡ. ಅಂಗಡೀಲಿ ಬೆಕ್ಕಿಗೆ ಅಂತ ಮಣ್ಣಿನ ಕಾಳು ಮಾರ್ತಾರೆ, ಒದ್ದೆ ಆದ್ರೆ ಗಟ್ಟಿ ಆಗೋದು, ಅದನ್ನೂ ತರ್ಬ್ಯಾಡ. ಹೊಟ್ಟೇಲೂ ಹಂಗೇ ಗಟ್ಟಿ ಆಯ್ತದೆ. ಕಾಗದದ ಗುಳಿಗೆ ಅಂತ ಸಿಕ್ತದೆ, ಅದು ಆಗ್ಬೋದು. ಹುಲ್ಲಿದ್ರೆ ಅದೂ ಬ್ಯಾಡ."

ರಂಗಮ್ಮ ಅಷ್ಟೂ ಹೊತ್ತು ಗೋಡೆಗೊರಗಿ ಕೂತಿದ್ದರು. ಒಂದೇ ಒಂದು ಮಾತು ಕೇಳಿದರು: "ಹುಲ್ಲು ತಿಂದ್ರೆ?"

"ತಿನ್ಲಿ ಬುಡಿ. ತಿಂದ್ರೂ ಏನೂ ಆಗ್ಬಾರ್ದು, ಅಂಥದ್ದನ್ನೇ ಹಾಸ್ಬೇಕು."

ಮಾರನೆಯ ಬೆಳಿಗ್ಗೆ ರಂಗಮ್ಮ ಮುಖ ತೊಳೆಯುವ ಮುಂಚೆಯೇ ಜಗಲಿಗೆ ಬಂದರು. ಗೂಡಿನ ಬಾಗಿಲಿಗೆ ಕೈಯಿಡಲು ಧೈರ್ಯ ಸಾಲಲಿಲ್ಲ. ಮನೆದೇವರು ಮಾದಪ್ಪನನ್ನು ನೆನೆದು ತೆರೆದರು. ಚುಕ್ಕಿ ಕಿವಿ ಎತ್ತಿತು. ಟ್ರೇಯ ಹುಲ್ಲಿನ ಮೇಲೆ ಐದಾರು ಹಿಕ್ಕೆ ಬಿದ್ದಿತ್ತು. ಮೂರನ್ನು ಹಸಿರು ಎಳೆಯೊಂದು ಬಿಗಿದು ಕಟ್ಟಿತ್ತು. ಉಳಿದವು ಬಿಡಿಬಿಡಿಯಾಗಿದ್ದವು. ಎಪ್ಪತ್ತು ವರ್ಷದ ಹೆಂಗಸು ಮೊಲದ ಹಿಕ್ಕೆ ಕಂಡು ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಮೇಘನಾಳನ್ನು ಎಬ್ಬಿಸಿ ತೋರಿಸಿದರು. ಆಮೇಲೆ, ಯಾರೂ ಕೇಳದಿದ್ದರೂ ಹೇಳಿದರು.

"ದುಂಡೀನ ದ್ಯಾವ್ರು ಕರ್ಕಂಡಿಲ್ಲ ಕಣವ್ವ. ನಾನು ಹಾಸಿದ್ದು ತಿಂದು ಸತ್ತದೆ. ನೀನು ಆಸ್ಪತ್ರೆ ಅಂದೆ, ನಾನು ಕೇಳ್ನಿಲ್ಲ."

ಹುಡುಗಿ ಚುಕ್ಕಿಯ ಮುಂದೆ ಒಂದು ಹಿಡಿ ಹುಲ್ಲು ಇಟ್ಟಳು. ಆಮೇಲೆ ಅಜ್ಜಿಯ ಮಗ್ಗುಲಿಗೆ ಬಂದು ಕೂತಳು. "ನೂಲು ಬಿಡ್ಸಿದ್ದು ನಾನೂವೆ ಅಜ್ಜಿ. ನಂಗೂ ಗೊತ್ತಿರ್ನಿಲ್ಲ" ಅಂದಳು. ಇಬ್ಬರೂ ಸೇರಿ ಆಗ ಅತ್ತರು.

ಆ ವಾರ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ರಂಗಮ್ಮ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದರು. ತಮ್ಮ ತಪ್ಪನ್ನು ಮುಚ್ಚಿಡಲಿಲ್ಲ. ಅದೇ ಬೀದಿಯ ಶಿವನಂಜಮ್ಮ ನಕ್ಕರು.

"ನಮ್ಮನೇಲಿ ಹಳೇ ಸ್ವೆಟರ್ ಹಾಕಿವ್ನಿ ರಂಗಕ್ಕ. ಮೂರು ದಿನ ಆಯ್ತು, ಮೊಲ ಕಲ್ಗುಂಡಿನಂಗದೆ. ಏನೂ ಆಗಿಲ್ಲ."

"ನಮ್ಮನೇಲೂ ಮೂರು ದಿನ ಏನೂ ಆಗಿರ್ನಿಲ್ಲ ಕಣೆ" ಅಂದರು ರಂಗಮ್ಮ.

ನಗು ನಿಂತಿತು. ಶಿವನಂಜಮ್ಮ ಸಭೆ ಮುಗಿಯುವವರೆಗೆ ಕಾಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಿರಬಿರನೆ ಮನೆಯ ಕಡೆ ನಡೆದರು.

ಅಮ್ಮಂದಿರೇ, ಅಣ್ಣಂದಿರೇ, ಮೊಲ ಸಾಕಿರುವ ಮಕ್ಕಳೇ, ನೀವೂ ಕಾಯಬೇಡಿ. ಈ ಹಾಳೆಯನ್ನು ಮಡಿಸಿ ಎತ್ತಿಡುವ ಮೊದಲು ಗೂಡಿನ ಹತ್ತಿರ ಹೋಗಿ. ಒಳಗೆ ನೂಲು, ಬಟ್ಟೆ, ಹತ್ತಿ, ಸ್ಪಂಜು, ಗೋಣಿ ನಾರು, ಮರದ ಹೊಟ್ಟು, ನುಸಿಗುಳಿಗೆ ಏನಿದ್ದರೂ ಈಗಲೇ ತೆಗೆಯಿರಿ. ಒಣಗಿದ, ಶುದ್ಧವಾದ ಹುಲ್ಲು ಹಾಸಿ. ದಿನಾ ಬೆಳಿಗ್ಗೆ ಹಿಕ್ಕೆ ನೋಡಿ. ಮೇವು ಬಿಟ್ಟರೆ ನಿವಾಳಿಸುತ್ತಾ ಕೂರದೆ ಪಶುವೈದ್ಯರ ಹತ್ತಿರ ಓಡಿ. ಹೊಟ್ಟೆ ನೋಯುತ್ತದೆ ಅಂತ ಬಾಯಿಬಿಟ್ಟು ಹೇಳಲು ಬಾರದ ಜೀವ ಅದು. ನೀವು ಹಾಸಿದ್ದನ್ನು ನಂಬಿ ಮಲಗುತ್ತದೆ, ನಂಬಿಯೇ ತಿನ್ನುತ್ತದೆ.