ಒಂದೇ ಬಣ್ಣದ ಎರಡು ಸೈಕಲ್ಲು

ಬ್ಯಾಟರಿ ಸೈಕಲ್ಲು ಕೊಳ್ಳುತ್ತೇನೆ ಎಂದು ಮಾರ್ಲಿಸ್ ಹೇಳಿದಾಗ ಅವಳ ಗಂಡ ಕೋಬಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಚಾಕು ಕೆಳಗಿಟ್ಟು, ಮೇಜು ಅಲ್ಲಾಡುವಷ್ಟು ನಕ್ಕ.

"ಅದರ ಬದಲು ಒಂದು ಗಾಲಿಕುರ್ಚಿ ತಗೋ ಮಾರಾಯ್ತಿ. ಕೂರೋಕೂ ಹಾಯಾಗಿರುತ್ತೆ."

"ನಗು, ನಗು. ನನ್ನ ಮೊಣಕಾಲು ನಿಂಗಿದ್ದಿದ್ರೆ ಗೊತ್ತಾಗ್ತಿತ್ತು."

"ದೇವರು ಕಾಲು ಕೊಟ್ಟಿರೋದು ತುಳಿಯೋಕೆ. ಪ್ಲಗ್ಗಿಗೆ ಸಿಕ್ಕಿಸೋಕಲ್ಲ."

ಈ ಮಾತನ್ನು ಎಗ್ಗಿವಿಲ್ ಊರಿನಲ್ಲಿ ಕೇಳದ ಕಿವಿಯಿರಲಿಲ್ಲ. ಕೋಬಿ ಅಲ್ಲಿನ ಸೈಕಲ್ ಸಂಘಕ್ಕೆ ಬಹುಕಾಲ ನಾಯಕನಾಗಿದ್ದವನು. ಶಾಲೆನ್‌ಬರ್ಗ್ ಘಾಟಿಯನ್ನು ಹಳೇ ಕಬ್ಬಿಣದ ಸೈಕಲ್ಲಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ, ಹಿಂದಿನವರು ಬರುವ ಹೊತ್ತಿಗೆ ಮೇಲಿನ ಹೋಟೆಲಿನಲ್ಲಿ ಒಂದು ಲೋಟ ಬಿಯರು ಮುಗಿಸಿರುತ್ತಿದ್ದ. ಸಂಘದಲ್ಲಿ ಯಾರಾದರೂ ಬ್ಯಾಟರಿ ಸೈಕಲ್ಲು ತಂದರೆ ಅವರಿಗೆ 'ಪ್ಲಗ್ಗು' ಎಂದೇ ಹೆಸರಿಡುತ್ತಿದ್ದ. ಈಗ ಅರುವತ್ತಾರಾಯಿತು. ಸಂಘದ ಸವಾರಿ ಬಿಟ್ಟಿದ್ದ, ಬಾಯಿಯ ಜೋರು ಬಿಟ್ಟಿರಲಿಲ್ಲ. ಗುರುವಾರ ಗುರುವಾರ ಆ ಹಳೇ ಸೈಕಲ್ಲನ್ನೇ ಹತ್ತಿ ಪಕ್ಕದೂರಿನ, ಬಂದೂಕಿನಿಂದ ಗುರಿ ಹೊಡೆಯುವ ಮೈದಾನಕ್ಕೆ ಹೋಗಿ ಸಂಜೆ ಬರುತ್ತಿದ್ದ.

ಮಾರ್ಲಿಸ್ ಹಟ ಬಿಡಲಿಲ್ಲ. ಊರಿನ ಸೈಕಲ್ಲು ವ್ಯಾಪಾರಿ ಬೇನಿಯ ಅಂಗಡಿಯ ಹಿಂದೆಯೇ ಕಡಿದಾದ ಒಂದು ಏರಿದೆ. ಸೈಕಲ್ಲು ಕೊಳ್ಳುವವರನ್ನೆಲ್ಲ ಅವನು ಮೊದಲು ಅಲ್ಲಿಗೇ ಅಟ್ಟುತ್ತಾನೆ. ಮೊದಲು ಕೊಟ್ಟದ್ದು ಹಿಂದಿನ ಗಾಲಿಯಲ್ಲಿ ಮೋಟರಿದ್ದದ್ದು. ಬಯಲಲ್ಲಿ ಸೊಗಸಾಗಿ ಓಡಿತು, ಏರಿನ ಅರ್ಧಕ್ಕೇ ಗೊರಗೊರ ಎನ್ನತೊಡಗಿತು. ಎರಡನೆಯದರ ಮೋಟರು ಪೆಡಲಿನ ಹತ್ತಿರವೇ ಇತ್ತು, ಬ್ಯಾಟರಿಯೂ ದಪ್ಪ. ಅದನ್ನು ತುಳಿದಾಗ ಬೆನ್ನಿಗೆ ಯಾರೋ ಕೈಯಿಟ್ಟು ಮೆಲ್ಲಗೆ ದೂಡಿದ ಹಾಗಾಯಿತು. ತುದಿ ಮುಟ್ಟಿದಾಗ ಅವಳಿಗೆ ಏದುಸಿರೂ ಇರಲಿಲ್ಲ.

"ಬೆಟ್ಟಕ್ಕೆ ಇದೇ ಸರಿ," ಎಂದ ಬೇನಿ. "ಒಂದು ನೆನಪಿರಲಿ ಮಾರ್ಲಿಸಕ್ಕ. ಏರಿನಲ್ಲಿ ಹಗುರ ಗೇರು ಹಾಕಿ, ಕಾಲು ಬೇಗ ಬೇಗ ಆಡಿಸಿ. ಭಾರ ಗೇರಲ್ಲಿ ನಿಧಾನ ತುಳಿದ್ರೆ ಮೋಟರು ಬ್ಯಾಟರೀನ ಕುಡಿದುಬಿಡುತ್ತೆ. ಸೈಕಲ್ಲು ನಿಲ್ಲಿಸಿದಾಗ ಹ್ಯಾಂಡಲಿನ ಮೇಲಿನ ಈ ಪುಟ್ಟ ಪರದೆ ಬಿಚ್ಚಿ ಜೇಬಲ್ಲಿಟ್ಕೊಳ್ಳಿ, ಇದಿಲ್ದೆ ಮೋಟರು ಚಾಲೂ ಆಗಲ್ಲ. ಆದ್ರೆ ಇದೇ ಕಂಪನಿಯ ಯಾವ ಪರದೆ ಹಾಕಿದ್ರೂ ಆಗುತ್ತೆ, ಅದಕ್ಕೇ ಬೀಗಾನೂ ಹಾಕಿ."

"ಬೀಗ ಹಾಕೋಕೆ ನಾನೇನು ಪಟ್ಟಣದವಳಾ? ಈ ಹಸಿರಿಂದೇ ಕೊಡು."

ಬೇನಿಯ ಕಿವಿ ಕೆಂಪಾಯಿತು. "ಹಸಿರೇ ಯಾಕೆ? ಮುಂದಿನ ತಿಂಗಳು ನೀಲಿ ಬರುತ್ತಲ್ಲ."

"ನಾನು ಹತ್ತೋದು ಬೆಟ್ಟಾನ, ಬಣ್ಣಾನ ಅಲ್ಲ."

ಬೇನಿ ಎಲ್ಲರಿಗೂ ಕೊಡುವ ಕಪ್ಪು ಚೀಲವೊಂದನ್ನು ಕ್ಯಾರಿಯರಿಗೆ ತಗಲಿಸಿ ಕೊಟ್ಟ.

ಆಮೇಲಿನ ಒಂದು ಗುರುವಾರ ಅವಳು ಹೊರಟದ್ದು ಬಯಲು ದಾರಿಯಲ್ಲಿ, ತಂಗಿಯ ಮನೆಗೆ. ಆದರೆ ಬಿಸಿಲು ಎಳೆಯದಾಗಿತ್ತು, ಬ್ಯಾಟರಿ ತುಂಬಿತ್ತು, ಕಾಲು ಹಗುರವಾಗಿತ್ತು. ಕವಲಿನಲ್ಲಿ ಎಡಕ್ಕೆ ತಿರುಗಬೇಕಾದವಳು ಬಲಕ್ಕೆ ತಿರುಗಿಬಿಟ್ಟಳು. ಗಂಡನ ಬಾಯಲ್ಲಿ ಮಾತ್ರ ಕೇಳಿದ್ದ ಘಾಟಿಯನ್ನು ಒಂದೊಂದೇ ತಿರುವಾಗಿ ಹತ್ತಿ, ಹೋಟೆಲಿನ ಅಂಗಳದಲ್ಲಿ ಕುಳಿತು, ಕೆನೆ ಹಾಕಿದ ಮೆರಾಂಗ್ ಎಂಬ ಸಿಹಿತಿಂಡಿ ತಿಂದಳು. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ 'ಶಾಲೆನ್‌ಬರ್ಗಿಗೆ ಹೋಗಿದ್ದೆ' ಎಂದಷ್ಟೇ ಹೇಳಿ ಅವನ ಮುಖ ನೋಡಬೇಕು ಎಂದುಕೊಂಡಳು. ಅದು ಮೆರಾಂಗಿಗಿಂತ ಸಿಹಿಯಾಗಿತ್ತು.

ಹೊರಗೆ ಸೈಕಲ್ಲುಗಳ ಸಾಲು ಉದ್ದಕ್ಕಿತ್ತು. ಹಸಿರು ಸೈಕಲ್ಲು, ಕಪ್ಪು ಚೀಲ. ಪರದೆ ಸಿಕ್ಕಿಸಿದಳು, ದೀಪ ಹೊತ್ತಿತು, ಹೊರಟಳು. ಸೀಟು ಒಂದು ಬೆರಳಷ್ಟು ಎತ್ತರವೆನಿಸಿತು, ಎಲ್ಲ ಮೆರಾಂಗಿನ ಭಾರ ಎಂದು ನಕ್ಕಳು. ಇಳಿಜಾರಿನಲ್ಲಿ ಗಾಳಿ ಕಿವಿ ತುಂಬಿತು. ಕಾಡಿನೊಳಗಿನ ತಿರುವಿನಲ್ಲಿ ಪರದೆಯತ್ತ ಕಣ್ಣು ಹೋದಾಗ ಬ್ಯಾಟರಿಯ ಗೆರೆ ಒಂದೇ ಒಂದು ಉಳಿದಿತ್ತು. ಮೇಲೆ ತಲುಪಿದಾಗ ಮೂರಿತ್ತಲ್ಲ? ಬ್ರೇಕು ಹಿಡಿದಳು. ಒಟ್ಟು ಓಡಿದ ದೂರ ನಾಲ್ಕು ಸಾವಿರ ಕಿಲೋಮೀಟರಿನ ಮೇಲೆ. ಅವಳದು ಇನ್ನೂ ಇನ್ನೂರು ದಾಟಿರಲಿಲ್ಲ.

ಅಯ್ಯೋ, ಯಾರದೋ ಸೈಕಲ್ಲು! ಈ ವಯಸ್ಸಿನಲ್ಲಿ ಕಳ್ಳಿಯಾದೆನಲ್ಲ ಎಂದುಕೊಂಡಳು. ಯಾರದೆಂದು ತಿಳಿಯಲು ಚೀಲ ತೆರೆದಳು.

ಮೇಲೇ ಒಂದು ಫ್ಲಾಸ್ಕಿತ್ತು. ಅದರ ಮುಚ್ಚಳಕ್ಕೆ ಕೆಂಪು ಉಣ್ಣೆಯ ದಾರ ಕಟ್ಟಿತ್ತು. ಆ ಗಂಟು ಹಾಕಿದ್ದು ಅವಳೇ. ಅದರ ಕೆಳಗೆ ಕಳೆದ ಚಳಿಗಾಲದಲ್ಲಿ ಅವಳು ಹೆಣೆದ ಬೂದು ಟೋಪಿ. ಬೆಳಿಗ್ಗೆ ಅವಳೇ ಕಟ್ಟಿಕೊಟ್ಟ ಚೀಸಿನ ಬ್ರೆಡ್ಡು, ಅರ್ಧ ತಿಂದದ್ದು. ಒಂದು ಮೊಬೈಲು. ಎಲ್ಲಕ್ಕಿಂತ ಕೆಳಗೆ ಕೆಂಪು ಮುಚ್ಚಳದ ಪುಟ್ಟ ಸ್ಪ್ರೇ ಬಾಟಲಿ. ಔಷಧಿ ಅಂಗಡಿಯ ಚೀಟಿಯಲ್ಲಿ ಕೋಬಿಯ ಪೂರ್ತಿ ಹೆಸರು ಬರೆದಿತ್ತು: ಯಾಕೋಬ್ ಗೆರ್ಬರ್. ಎದೆನೋವು ಬಂದಾಗ ನಾಲಿಗೆಯ ಕೆಳಗೆ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಅವಳ ನಾಲಿಗೆಯ ತುದಿಗೆ ಬಂದದ್ದು ಟೋಪಿ ನೋಡಿದಾಗ. ಆ ಬಾಟಲಿ ನೋಡಿದ ಮೇಲೆ ಗಾದೆ ಮರೆತೇಹೋಯಿತು. ರಸ್ತೆಯ ಮಧ್ಯೆ ನಿಂತು ಆ ಚೀಟಿಯನ್ನು ಮತ್ತೊಮ್ಮೆ ಓದಿದಳು. ಯಾರ ಎದೆ? ಯಾವಾಗಿನಿಂದ?

ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಪರದೆಯ ಮೇಲೆ ಅವಳದೇ ಹೆಸರು: ಮಾರ್ಲಿಸ್. ಅವಳ ಮೊಬೈಲು ಅವಳ ಚೀಲದಲ್ಲಿ, ಅವಳ ಚೀಲ ಘಾಟಿಯ ತುದಿಯಲ್ಲಿ.

"ಯಾರು?" ಎಂದಳು.

ಆ ಕಡೆಯಿಂದ ಕೋಬಿಯ ದನಿ. "ಹೋಟೆಲಿನೊಳಗಿಂದ ಬಂದು ನೋಡಿದ್ರೆ ಈ ಚೀಲದಲ್ಲಿ ನಿನ್ನ ನಿಟ್ಟಿಂಗ್ ಇದೆ, ಯಾಕೆ?"

"ನಿನ್ನ ಟೋಪಿ ಇಲ್ಯಾಕಿದೆ, ಅದನ್ನ ಹೇಳು ಮೊದ್ಲು!"

"ಮಾರ್ಲಿಸ್... ಬಾಟ್ಲಿ ಇದೆಯಾ ಅಲ್ಲಿ? ಸಣ್ಣದು?"

"ಇದೆ. ನೋವಾಗ್ತಿದೆಯಾ?"

"ಸ್ವಲ್ಪ." ಕೋಬಿ ಎಂದೂ ಸ್ವಲ್ಪ ಎನ್ನುವವನಲ್ಲ. "ಎಡಗೈ ತನಕ ಬಂದಿದೆ."

"ಒಳಗೆ ಹೋಗಿ ಹೋಟೆಲಿನವಳಿಗೆ ಹೇಳು. ಈಗ್ಲೇ ಹೇಳು."

"ಹೇಳಿದ್ರೆ ಊರಿಗೆಲ್ಲ ಗೊತ್ತಾಗುತ್ತೆ."

"ಸತ್ರೂ ಗೊತ್ತಾಗುತ್ತೆ ಕಣೋ!"

ಮಾತು ಕಡಿದುಹೋಯಿತು. ತಿರುಗಿ ಕರೆಯಲು ಹೋದರೆ ಮೊಬೈಲಿಗೆ ಬೀಗ. ಮೂವತ್ತೆಂಟು ವರ್ಷ ಒಂದೇ ದಿಂಬಿನ ಸಂಸಾರ ಮಾಡಿದ ಗಂಡನ ಮೊಬೈಲಿನ ಗುಟ್ಟು ಅವಳಿಗೆ ಗೊತ್ತಿಲ್ಲ. ಬೀಗವಿದ್ದರೂ ಆಂಬುಲೆನ್ಸಿಗೆ ಕರೆ ಹೋಗುತ್ತದೆ, ಅದನ್ನು ಮಾಡಿದಳು. ಗಾಡಿ ಕೆಳಗಿನ ಪಟ್ಟಣದಿಂದ ಬರಬೇಕು, ಹೊತ್ತಾಗುತ್ತದೆ, ಔಷಧಿ ಬೇಗ ತಲುಪಿಸಿ ಎಂದರು. ರಸ್ತೆಯ ಎರಡೂ ಕಡೆ ನೋಡಿದಳು. ಒಂದು ಕಾರೂ ಇಲ್ಲ. ಸೈಕಲ್ಲು ತಿರುಗಿಸಿದಳು.

ಬ್ಯಾಟರಿಯ ಗೆರೆ ಒಂದೇ. ಮೋಟರನ್ನು ಪೂರ್ತಿ ಜೋರಿಗೆ ಹಾಕಿದರೆ ನಡುದಾರಿಯಲ್ಲೇ ಸಾಯುತ್ತದೆ. ತೀರಾ ಕಡಿಮೆಗಿಟ್ಟರೆ ಅವನು... ಆ ಮಾತನ್ನು ಅವಳು ಮನಸ್ಸಿನಲ್ಲಿಯೂ ಪೂರ್ತಿ ಮಾಡಲಿಲ್ಲ. ನಡುವಿನದಕ್ಕೆ ಹಾಕಿ, ಎಲ್ಲಕ್ಕಿಂತ ಹಗುರದ ಗೇರಿಗಿಳಿಸಿ, ಕಾಲು ಆಡಿಸತೊಡಗಿದಳು. ಇಳಿಯುವಾಗ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಕಳೆದ ರಸ್ತೆ ಈಗ ಮುಗಿಯುವುದೇ ಇಲ್ಲ. ಗುರುವಾರ ಗುರುವಾರ ಗುರಿ ಹೊಡೆಯುವುದು ಎಂದರೆ ಇದೇನಾ? ಬೆಳಿಗ್ಗೆ ಕಾಫಿ ಬಸಿದು ಕೊಟ್ಟಾಗ ಇವನ ಎದೆಯಲ್ಲಿ ಇದಿತ್ತೇ? ನಾನು ಎದುರಿಗೇ ಕುಳಿತು ಹಾಲು ಬೇಕಾ ಎಂದು ಕೇಳಿದೆನಲ್ಲ! ಅಳು ಬಂತು. ಅತ್ತರೆ ಉಸಿರು ಸಾಲದು, ಅದಕ್ಕೆ ಬೈಯುತ್ತಾ ತುಳಿದಳು. ಊರಿನಲ್ಲಿ ಹೇಳಬಾರದ ಬೈಗುಳವನ್ನೆಲ್ಲ ಆ ಕಾಡು ಕೇಳಿಸಿಕೊಂಡಿತು.

ಕೊನೆಯ ತಿರುವಿನಲ್ಲಿ ಪರದೆ ಮಿನುಗಿ ಆರಿತು. ಮೋಟರು ಸತ್ತ ಬ್ಯಾಟರಿ ಸೈಕಲ್ಲೆಂದರೆ ಹಟ ಹಿಡಿದ ಕರುವೇ ಸೈ. ಅದರ ಪರದೆ ಅಭ್ಯಾಸದಂತೆ ಕಿತ್ತು ಜೇಬಿಗೆ ತುರುಕಿ, ಸೈಕಲ್ಲನ್ನು ಹುಲ್ಲಿನ ಮೇಲೆ ಕೆಡವಿ, ಬಾಟಲಿ ಮುಷ್ಟಿಯಲ್ಲಿ ಹಿಡಿದು, ನೋಯುವ ಮೊಣಕಾಲಿನಲ್ಲಿ ಓಡಿದಳು.

ಅವನು ಸೈಕಲ್ಲುಗಳ ಪಕ್ಕದ ಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ. ಯಾರಿಗೂ ಹೇಳಿರಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಮಡಿಲಲ್ಲಿ ಅವಳ ನಿಟ್ಟಿಂಗ್ ಇತ್ತು. ಇಷ್ಟು ಸಣ್ಣ ಮನುಷ್ಯನಾ ಇವನು ಎಂದು ಅವಳಿಗೆ ಆಘಾತವಾಯಿತು.

"ಬಾಯಿ ತೆಗಿ," ಎಂದಳು.

ನಾಲಿಗೆಯ ಕೆಳಗೆ ಒತ್ತಿದಳು. ಆಮೇಲೆ ಹೋಟೆಲಿನ ಬಾಗಿಲಿಗೆ ತಿರುಗಿ ಊರೇ ಕೇಳುವಂತೆ ಕೂಗಿದಳು. ಒಡತಿ ಕಂಬಳಿ ತಂದಳು. ಸ್ವಲ್ಪ ಹೊತ್ತಿಗೆ ಅವನ ತುಟಿಗೆ ಬಣ್ಣ ಬಂತು.

"ನಗಾಡಿದೆಯಲ್ಲೋ ನನ್ನನ್ನ," ಎಂದಳು ಮಾರ್ಲಿಸ್. "ಗಾಲಿಕುರ್ಚಿ ಅಂದೆ. ಪ್ಲಗ್ಗು ಅಂದೆ. ನಿನ್ನದು ಮೈದಾನದ ಕೊಟ್ಟಿಗೇಲಿ ಚಾರ್ಜಾಗ್ತಾ ನಿಂತಿತ್ತಾ?"

ಅವನು ಹೌದೆಂದು ತಲೆಯಾಡಿಸಿದ. "ನೀನು ಕೊಳ್ಳದಿರಲಿ ಅಂತ ನಗಾಡಿದ್ದು. ಕೊಂಡ್ರೆ ಬೆಟ್ಟಕ್ಕೆ ಬರ್ತೀಯ. ಬಂದ್ರೆ ನನ್ನ ನೋಡ್ತೀಯ."

"ನೋಡಿದ್ರೆ ಏನಾಗ್ತಿತ್ತು?"

"ಎಲ್ಲಾ ಹೇಳ್ಬೇಕಾಗ್ತಿತ್ತು. ಹೇಳಿದ್ರೆ ನೀನು ನನ್ನನ್ನ ಹತ್ತೋಕೆ ಬಿಡ್ತಿರ್ಲಿಲ್ಲ."

ಹೇಳಿದ್ದರೆ ಅವಳು ಜೊತೆಗೇ ಹತ್ತುತ್ತಿದ್ದಳು. ಅದು ಅವನಿಗೆ ಹೊಳೆದೇ ಇರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಅದೇ ಅವಳ ಕರುಳಿಗೆ ತಾಗಿತು.

ಆಂಬುಲೆನ್ಸು ಬಂತು. ಕಿತ್ತಳೆ ಜಾಕೆಟಿನ ಹುಡುಗಿ ಅವನ ತೋಳಿಗೆ ಪಟ್ಟಿ ಸುತ್ತುತ್ತಾ ಮಾರ್ಲಿಸಳನ್ನೇ ಕೇಳಿದಳು.

"ಹೃದಯದ ತೊಂದರೆ ಯಾವಾಗಿಂದ ಇದೆ ಇವರಿಗೆ?"

ಮಾರ್ಲಿಸ್ ಕೋಬಿಯತ್ತ ತಿರುಗಿದಳು.

"ಮೂರು ವರ್ಷ," ಎಂದ ಕೋಬಿ.

"ಬೇರೆ ಏನೇನು ಮಾತ್ರೆ ತಗೊಳ್ತಾರೆ?"

ಕೋಬಿಯೇ ಒಂದೊಂದಾಗಿ ಹೆಸರು ಹೇಳಿದ. ಅವುಗಳಲ್ಲಿ ಒಂದನ್ನೂ ಅವಳು ಕೇಳಿರಲಿಲ್ಲ. ಹುಡುಗಿ ಇಬ್ಬರನ್ನೂ ನೋಡಿದಳು.

"ನೀವು ಇವರಿಗೆ ಏನಾಗಬೇಕು?"

"ಅದನ್ನ ಅವರನ್ನೇ ಕೇಳಮ್ಮ," ಎಂದಳು ಮಾರ್ಲಿಸ್.

ಕೋಬಿ ಕಂಬಳಿಯೊಳಗಿಂದ ಕೈ ಚಾಚಿ ಅವಳ ತೋಳನ್ನು ಹಿಡಿದ. "ಹೆಂಡ್ತಿ," ಎಂದ. "ಅವಳೂ ಗಾಡಿ ಹತ್ತಲಿ."

ಅವಳು ಅವನ ಕೈ ಬಿಡಿಸಿದಳು. ತನ್ನ ಸೈಕಲ್ಲಿಗೆ ಕೋಬಿ ಸಿಕ್ಕಿಸಿದ್ದ ಪರದೆ ಬಿಚ್ಚಿಕೊಂಡು ಬಂದು ಗಾಡಿ ಹತ್ತಿ ಅವನ ಎದುರಿಗೆ ಕುಳಿತಳು. ಜೇಬಿನಲ್ಲಿ ಈಗ ಎರಡು ಪರದೆಗಳಿದ್ದವು, ಯಾವುದು ಯಾರದೆಂದು ಹೇಳಲು ಬರುತ್ತಿರಲಿಲ್ಲ. ಬಾಗಿಲು ಮುಚ್ಚಿತು. ಗಾಡಿ ಮೊದಲ ತಿರುವು ದಾಟಿತು.

"ಎದೆನೋವು ಬಂದ ಮೊದಲನೇ ದಿನದಿಂದ ಹೇಳು," ಎಂದಳು ಆಮೇಲೆ. "ಏನೂ ಬಿಡಬೇಡ."